ಅಲಾರಂ ನಿಲ್ಲಿಸಿದರೆ ಬಿಸಿ ನಿಲ್ಲದು

ದೋಣಿಯ ಔಟ್‌ಬೋರ್ಡ್ ಎಂಜಿನ್ ಅರ್ಧ ವೇಗ ದಾಟುತ್ತಿದ್ದಂತೆ ಬಜರ್ ಕೂಗುತ್ತದೆ. ಪರದೆಯ ಮೇಲೆ ನೀರಿನ ಒತ್ತಡ ಕಡಿಮೆಯಾಗಿದೆ ಎಂಬ ಸೂಚನೆ ಮೂಡುತ್ತದೆ, ಎಂಜಿನ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಹಿಂದಿರುಗಿ ನೋಡಿದರೆ ಎಂಜಿನ್ನಿನ ಬದಿಯ ಸಣ್ಣ ತೂತಿನಿಂದ ನೀರು ಎಂದಿನಂತೆ ಚಿಮ್ಮುತ್ತಿದೆ. ತಾಪಮಾನವೂ ಸರಿಯಾಗಿಯೇ ಕಾಣುತ್ತಿದೆ. ಸ್ವಲ್ಪ ಹೊತ್ತಿಗೆ ಬಜರ್ ಸುಮ್ಮನಾಗುತ್ತದೆ. 'ಸೆನ್ಸರ್ ಹೋಗಿದೆ' ಎಂಬ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ಮುಂದಿನ ಹೆಜ್ಜೆ ಸುಲಭ: ಅದರ ಕನೆಕ್ಟರ್ ಕಿತ್ತಿಡುವುದು, ಇಲ್ಲವೇ ಸಿಗ್ನಲ್ ತಂತಿಗೆ ಒಂದು ರೆಸಿಸ್ಟರ್ ಬೆಸೆದು ಎಂಜಿನ್ನಿನ ಕಂಪ್ಯೂಟರಿಗೆ 'ಎಲ್ಲವೂ ಸರಿಯಿದೆ' ಎಂಬ ಸುಳ್ಳು ಸಂಕೇತ ಕೊಡುವುದು.

ಸೆನ್ಸರ್ ಕೆಟ್ಟಿದೆ ಎಂಬ ಊಹೆ ಎಷ್ಟೋ ಸಲ ನಿಜವೇ ಆಗಿರುತ್ತದೆ. ಅಪಾಯ ಇರುವುದೂ ಅಲ್ಲೇ. ಯಾವ ಕಾರಣಕ್ಕೆ ಸೆನ್ಸರ್ ಕೆಟ್ಟಿತೋ ಅದೇ ಕಾರಣ ಎಂಜಿನ್ನಿನ ನೀರಿನ ದಾರಿಯನ್ನೂ ಮುಚ್ಚುತ್ತಿರಬಹುದು. ಆದ್ದರಿಂದ ಸುಳ್ಳು ಅಲಾರಂ ಕೂಡ ಎಂಜಿನ್ನಿನ ಆರೋಗ್ಯದ ಬಗ್ಗೆ ಒಂದು ಸಾಕ್ಷ್ಯ. ಅದನ್ನು ಓದದೆ ಬಾಯಿ ಮುಚ್ಚಿಸುವ ಅಭ್ಯಾಸ ಎಲೆಕ್ಟ್ರಾನಿಕ್ ಎಂಜಿನ್‌ಗಳ ಜೊತೆಗೇ ಬಂದರುಗಳಲ್ಲಿ ಬೇರೂರಿದರೆ, ಮುಂದೆ ತೆರಬೇಕಾದ ಬೆಲೆ ಎಂಜಿನ್ನಿನ ಬೆಲೆಯಷ್ಟೇ ಆಗಿರುವುದಿಲ್ಲ.

ಎರಡು ನಿಮಿಷದ ಲೆಕ್ಕ

60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಸುಮಾರು 45 ಕಿಲೋವಾಟ್ ಶಕ್ತಿಯನ್ನು ಪ್ರೊಪೆಲ್ಲರಿಗೆ ಕೊಡುತ್ತದೆ. ಹೆಚ್ಚುಕಡಿಮೆ ಅಷ್ಟೇ ಶಾಖವನ್ನು ತಂಪುಮಾಡುವ ನೀರು ಹೊತ್ತೊಯ್ಯಬೇಕು, ಉಳಿದದ್ದು ಹೊಗೆಯ ಜೊತೆ ಹೋಗುತ್ತದೆ. ಒಂದು ಲೀಟರ್ ಸಮುದ್ರದ ನೀರು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಲು ಸುಮಾರು 120 ಕಿಲೋಜೂಲ್ ಶಾಖ ಹೀರುತ್ತದೆ. ಅಂದರೆ ಈ ಎಂಜಿನ್ನಿಗೆ ನಿಮಿಷಕ್ಕೆ 22 ಲೀಟರಿನಷ್ಟಾದರೂ ನೀರು ಹರಿಯುತ್ತಿರಬೇಕು.

ಆ ಹರಿವು ಪೂರ್ತಿ ನಿಂತಿತು ಎಂದಿಟ್ಟುಕೊಳ್ಳಿ. ಎಂಜಿನ್ನಿನ ಬಿಸಿಯಾಗುವ ಭಾಗ 50 ಕಿಲೋ ಅಲ್ಯೂಮಿನಿಯಂ ಎಂದು ಹಿಡಿದರೆ, ಅದನ್ನು ಒಂದು ಡಿಗ್ರಿ ಬಿಸಿಮಾಡಲು 45 ಕಿಲೋಜೂಲ್ ಸಾಕು. ಅಷ್ಟು ಶಾಖ ಪ್ರತಿ ಸೆಕೆಂಡಿಗೂ ಬರುತ್ತಿದೆ. ಸೆಕೆಂಡಿಗೆ ಒಂದು ಡಿಗ್ರಿ ಎಂದರೆ ಎರಡೇ ನಿಮಿಷದಲ್ಲಿ 120 ಡಿಗ್ರಿ ಏರಿಕೆ. ಒಳಗೆ ಉಳಿದ ನೀರು ಕುದಿಯುತ್ತಾ ಸ್ವಲ್ಪ ಶಾಖ ಹೀರುವುದರಿಂದ ಕೆಲವು ಸೆಕೆಂಡುಗಳು ಹೆಚ್ಚು ಸಿಗಬಹುದು. ಸಿಲಿಂಡರ್ ಹೆಡ್ ಉಳಿದ ಭಾಗಕ್ಕಿಂತ ಬೇಗ ಕಾಯುವುದರಿಂದ ಅಲ್ಲಿ ಕೆಲವು ಸೆಕೆಂಡುಗಳು ಕಡಿಮೆಯೂ ಆಗಬಹುದು. ಒಟ್ಟಾರೆ ಕೈಯಲ್ಲಿರುವ ಅವಧಿ ನಿಮಿಷಗಳದ್ದು.

ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 80 ಮಿಲಿಮೀಟರ್ ವ್ಯಾಸದ ಪಿಸ್ಟನ್ 100 ಡಿಗ್ರಿ ಹೆಚ್ಚು ಕಾದಾಗ, ಕಬ್ಬಿಣದ ಸ್ಲೀವ್ ಹಿಗ್ಗಿದ್ದನ್ನು ಕಳೆದ ಮೇಲೂ ಸುಮಾರು 0.09 ಮಿಲಿಮೀಟರ್ ಹೆಚ್ಚುವರಿಯಾಗಿ ದಪ್ಪವಾಗುತ್ತದೆ. ಪಿಸ್ಟನ್ ಮತ್ತು ಸ್ಲೀವ್ ನಡುವೆ ಬಿಟ್ಟಿರುವ ಎಡೆಯೇ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಎಣ್ಣೆಯ ಪದರ ಹರಿದು ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಜಾಮ್ ಆಗುವುದು, ಹೆಡ್ ಗ್ಯಾಸ್ಕೆಟ್ ಸುಡುವುದು ಹೀಗೆ. ಒಳಗೆ ಕೂರಿಸಿದ ಇನ್‌ಬೋರ್ಡ್ ಎಂಜಿನ್‌ಗಳಲ್ಲಿ ಇನ್ನೂ ಒಂದು ಅಪಾಯವಿದೆ. ಹೊಗೆಕೊಳವೆಯ ರಬ್ಬರ್ ಹೋಸನ್ನು ತಂಪಾಗಿಡುವುದೂ ಇದೇ ನೀರು. ನೀರು ನಿಂತರೆ ನೂರಾರು ಡಿಗ್ರಿ ಬಿಸಿಯ ಹೊಗೆ ಆ ಹೋಸನ್ನು ಸುಟ್ಟು, ಬೆಂಕಿಗೂ ಕ್ಯಾಬಿನ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬುವುದಕ್ಕೂ ದಾರಿ ಮಾಡಿಕೊಡುತ್ತದೆ.

ಕೆಸರು ಮೊದಲು ಕೂರುವ ಜಾಗ

ಒತ್ತಡದ ಸೆನ್ಸರ್ ಒಳಗೆ ಒಂದು ತೆಳುವಾದ ಪೊರೆ ಇರುತ್ತದೆ. ನೀರು ಒತ್ತಿದಾಗ ಪೊರೆ ಬಾಗುತ್ತದೆ, ಆ ಬಾಗುವಿಕೆ ವಿದ್ಯುತ್ ಸಂಕೇತವಾಗುತ್ತದೆ. ಸಾಮಾನ್ಯವಾಗಿ ಇದಕ್ಕೆ ಮೂರು ತಂತಿಗಳು: ಕಂಪ್ಯೂಟರ್ ಕಳಿಸುವ 5 ವೋಲ್ಟ್, ಅರ್ತ್ ಮತ್ತು ಸಿಗ್ನಲ್. ಬಹುತೇಕ ಸೆನ್ಸರ್‌ಗಳಲ್ಲಿ ಒತ್ತಡ ಸೊನ್ನೆಯಿದ್ದಾಗ ಸಿಗ್ನಲ್ 0.5 ವೋಲ್ಟ್ ಆಸುಪಾಸು, ಗರಿಷ್ಠ ಒತ್ತಡದಲ್ಲಿ 4.5 ವೋಲ್ಟ್ ಆಸುಪಾಸು ಇರುತ್ತದೆ. ಪ್ರತಿ ಆರ್‌ಪಿಎಂಗೆ ಕನಿಷ್ಠ ಎಷ್ಟು ಒತ್ತಡ ಬೇಕೆಂಬ ಪಟ್ಟಿ ಕಂಪ್ಯೂಟರಿನಲ್ಲಿದೆ. ಐಡಲ್‌ನಲ್ಲಿ ಒಂದೆರಡು ಪಿಎಸ್‌ಐ ಸಾಕಾಗುವ ಎಂಜಿನ್ನಿಗೆ ಪೂರ್ಣ ವೇಗದಲ್ಲಿ ಅದರ ಎಷ್ಟೋ ಪಟ್ಟು ಬೇಕು. ವೇಗ ಏರಿಸಿದಾಗ ಮಾತ್ರ ಬಜರ್ ಕೂಗುವುದಕ್ಕೆ ಇದೇ ಕಾರಣ.

ಸೆನ್ಸರ್ ಕೂತಿರುವ ತೂತು ಕೆಲವೇ ಮಿಲಿಮೀಟರ್ ಅಗಲದ್ದು, ಅದರಾಚೆಗೆ ದಾರಿಯಿಲ್ಲ. ನೀರು ಅಲ್ಲಿ ಹರಿಯುವುದಿಲ್ಲ, ಒತ್ತಿ ನಿಲ್ಲುತ್ತದೆ. ನಿಂತ ನೀರಿನಲ್ಲಿ ಮರಳಿನ ಹುಡಿ, ಕೆಸರು ತಳಕ್ಕೆ ಕೂರುತ್ತವೆ. ಎಂಜಿನ್ ಆರಿದ ಮೇಲೆ ಅಲ್ಲೇ ಉಪ್ಪು ಒಣಗುತ್ತದೆ. ಎಂಜಿನ್ನಿನ ನೀರಿನ ದಾರಿಗಳಲ್ಲಿ ಮೊದಲು ಕಟ್ಟಿಕೊಳ್ಳುವುದು ಈ ತೂತು. ಅದೇ ಕೆಸರು, ಅದೇ ಉಪ್ಪು ಥರ್ಮೋಸ್ಟಾಟಿನ ಅಂಚಿನಲ್ಲಿ, ಹೆಡ್ಡಿನ ಸುತ್ತಲಿನ ಕಿರಿದಾದ ಸಂದುಗಳಲ್ಲಿ ಶೇಖರವಾಗುವುದು ನಂತರದ ಸರದಿ.

ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿವೆ, ಅದರಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ. ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್‌ನದು ತದ್ವಿರುದ್ಧ ಗುಣ, ಬಿಸಿ ಹೆಚ್ಚಿದಷ್ಟೂ ಅದು ಕರಗದೆ ಗೋಡೆಗೆ ಹತ್ತುತ್ತದೆ. ಹತ್ತಿದ ಪದರ ಶಾಖ ನೀರಿಗೆ ದಾಟದಂತೆ ತಡೆಯುತ್ತದೆ, ಲೋಹ ಇನ್ನಷ್ಟು ಕಾಯುತ್ತದೆ, ಪದರ ಇನ್ನಷ್ಟು ದಪ್ಪವಾಗುತ್ತದೆ. ಸಮುದ್ರದ ನೀರನ್ನೇ ನೇರವಾಗಿ ಬಳಸುವ ಎಂಜಿನ್‌ಗಳನ್ನು ಕಾರಿನ ಎಂಜಿನ್ನಿಗಿಂತ ತಂಪಾಗಿ ಓಡಿಸುವುದಕ್ಕೆ ಇದೊಂದು ಕಾರಣ. ಅಂಥ ಎಂಜಿನ್ ಆಗಾಗ ಅತಿಯಾಗಿ ಕಾದರೆ ಈ ಸರಪಳಿ ಚುರುಕಾಗುತ್ತದೆ.

ಮುಚ್ಚಿದ ತೂತು ಎರಡು ಬಗೆಯ ಸುಳ್ಳು ಹೇಳಬಲ್ಲದು. ಒತ್ತಡವಿದ್ದರೂ ಇಲ್ಲ ಎಂದು ಬಜರ್ ಕೂಗುವುದು ಮೊದಲನೆಯದು. ಕೆಸರಿನ ಹಿಂದೆ ಹಳೆಯ ಒತ್ತಡ ಸಿಕ್ಕಿಬಿದ್ದು, ನೀರು ನಿಂತ ಮೇಲೂ 'ಒತ್ತಡ ಸರಿಯಿದೆ' ಎನ್ನುವುದು ಎರಡನೆಯದು. ಮೊದಲನೆಯದು ಕಿರಿಕಿರಿ, ಎರಡನೆಯದು ಎಂಜಿನ್ನಿಗೆ ಮಾರಕ. ಕೂಗುವ ಸೆನ್ಸರಿನ ಬಗ್ಗೆ ಎಲ್ಲರೂ ದೂರುತ್ತಾರೆ, ಸುಮ್ಮನಿರುವ ಸೆನ್ಸರನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಚಿಮ್ಮುವ ನೀರನ್ನು ನಂಬಬಹುದೇ?

'ನೀರು ಬರುತ್ತಿದೆಯಲ್ಲ' ಎಂಬುದು ಬಂದರಿನಲ್ಲಿ ಕೇಳಿಬರುವ ಸಮಾಧಾನ. ಆದರೆ ಅನೇಕ ಮಾದರಿಗಳಲ್ಲಿ ಬದಿಯ ತೂತಿಗೆ ಬರುವ ನೀರು ಎಂಜಿನ್ನಿನ ಒಳಗೆಲ್ಲ ಸುತ್ತಿ ಬಂದದ್ದಲ್ಲ, ಪಂಪಿನ ಬಳಿಯೇ ಕವಲೊಡೆದದ್ದು. ಪಂಪ್ ಕೆಲಸ ಮಾಡುತ್ತಿದೆ ಎಂಬುದಕ್ಕಷ್ಟೇ ಅದು ಸಾಕ್ಷಿ, ಹೆಡ್ಡಿಗೆ ನೀರು ಮುಟ್ಟಿದೆ ಎಂಬುದಕ್ಕಲ್ಲ.

ತಾಪಮಾನದ ಸೆನ್ಸರಿಗೂ ಮಿತಿಯಿದೆ. ಅದು ತಾನು ಕೂತ ಜಾಗದ ಬಿಸಿಯನ್ನಷ್ಟೇ ಹೇಳುತ್ತದೆ. ನೀರಿನಲ್ಲಿ ಮುಳುಗಿರಬೇಕಾದ ಅದರ ತುದಿ ನೀರು ಬತ್ತಿದ ಮೇಲೆ ಹಬೆಯಲ್ಲಿ ನಿಂತು ನಿಧಾನವಾಗಿ ಕಾಯುತ್ತದೆ, ಅಷ್ಟರಲ್ಲಿ ಲೋಹ ಬಹಳ ಮುಂದೆ ಹೋಗಿರುತ್ತದೆ. ಒತ್ತಡ ಬೀಳುವುದು ಕಾರಣ, ಬಿಸಿ ಏರುವುದು ಪರಿಣಾಮ. ಒತ್ತಡದ ಸೆನ್ಸರ್ ಉಳಿಸಿಕೊಡುವುದು ಇವೆರಡರ ನಡುವಿನ ಅಂತರವನ್ನು. ಹಾಗೆಂದು ಒತ್ತಡವೊಂದೇ ಸಾಲದು. ಸೆನ್ಸರಿನಿಂದ ಮುಂದಿನ ದಾರಿ ಕಟ್ಟಿದರೆ ಒತ್ತಡ ಹೆಚ್ಚಾಗಿಯೇ ತೋರುತ್ತದೆ, ಹರಿವು ಮಾತ್ರ ಕಡಿಮೆಯಾಗಿರುತ್ತದೆ. ಒತ್ತಡ, ಬಿಸಿ, ಚಿಮ್ಮುವ ನೀರು ಮೂರನ್ನೂ ಒಟ್ಟಿಗೆ ಓದಬೇಕು.

ಬಂದು ಹೋಗುವ ಅಲಾರಂ

2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್‌ವಿಕಾ ಕರಾವಳಿಯಲ್ಲಿ ಬಿರುಗಾಳಿಯ ನಡುವೆ ವೈಕಿಂಗ್ ಸ್ಕೈ ಎಂಬ ಪ್ರವಾಸಿ ಹಡಗಿನ ಎಂಜಿನ್‌ಗಳು ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ನಿಂತವು. 1,300ಕ್ಕೂ ಹೆಚ್ಚು ಜನರಿದ್ದ ಹಡಗು ಬಂಡೆಗಳ ಕಡೆ ತೇಲಿತು. 470ಕ್ಕೂ ಹೆಚ್ಚು ಪ್ರಯಾಣಿಕರನ್ನು ಹೆಲಿಕಾಪ್ಟರ್‌ಗಳಲ್ಲಿ ಮೇಲೆತ್ತಬೇಕಾಯಿತು. ತನಿಖೆಯ ಮಧ್ಯಂತರ ವರದಿಯ ಪ್ರಕಾರ ಆ ಬೆಳಗ್ಗೆ 5ರಿಂದ 9ರವರೆಗೆ ಎಂಜಿನ್ ಎಣ್ಣೆ ಕಡಿಮೆಯೆಂಬ 18 ಅಲಾರಂಗಳು ದಾಖಲಾಗಿದ್ದವು. ಪ್ರತಿಯೊಂದೂ ಕೆಲವೇ ಸೆಕೆಂಡುಗಳಲ್ಲಿ ಅಳಿದಿತ್ತು. ಸೆನ್ಸರ್‌ಗಳು ಕೆಟ್ಟಿರಲಿಲ್ಲ. ಎಣ್ಣೆ ನಿಜಕ್ಕೂ ಕಡಿಮೆಯಿತ್ತು, ಹಡಗು ಹೊಯ್ದಾಡಿದಾಗ ಮಾತ್ರ ಅದು ಬಯಲಾಗುತ್ತಿತ್ತು.

ಅಲ್ಲಿ ಎಣ್ಣೆ, ಇಲ್ಲಿ ನೀರು. ಅಲ್ಲಿ ದೈತ್ಯ ಹಡಗು, ಇಲ್ಲಿ ದೋಣಿ. ತರ್ಕ ಒಂದೇ: ಬಂದು ಹೋಗುವ ಅಲಾರಂ ಎಂದರೆ ಸಡಿಲ ತಂತಿ ಎಂದೇ ಅರ್ಥವಲ್ಲ, ಗಡಿಯಲ್ಲಿ ತೂಗಾಡುತ್ತಿರುವ ನಿಜವಾದ ಕೊರತೆಯೂ ಹಾಗೆಯೇ ವರ್ತಿಸುತ್ತದೆ. ಅಲಾರಂನ ಬಾಯಿ ಮುಚ್ಚಿಸುವ ಅಭ್ಯಾಸವೂ ದೋಣಿಗಳಿಗೆ ಸೀಮಿತವಲ್ಲ. 2010ರ ಏಪ್ರಿಲ್ 20ರಂದು ಸ್ಫೋಟಗೊಂಡು 11 ಮಂದಿಯನ್ನು ಬಲಿ ತೆಗೆದುಕೊಂಡ ಡೀಪ್‌ವಾಟರ್ ಹೊರೈಜನ್ ತೈಲಕಟ್ಟೆಯ ವಿಚಾರಣೆಯಲ್ಲಿ, ಸುಳ್ಳು ಎಚ್ಚರಿಕೆಗಳಿಂದ ಜನರ ನಿದ್ದೆ ಕೆಡದಿರಲೆಂದು ಸಾಮಾನ್ಯ ಅಲಾರಂ ತಾನಾಗಿ ಮೊಳಗದಂತೆ ಮಾಡಲಾಗಿತ್ತು ಎಂದು ಅಲ್ಲಿನ ತಂತ್ರಜ್ಞರೊಬ್ಬರು ಸಾಕ್ಷಿ ನುಡಿದರು.

ನೀರು, ತಂತಿ, ಕೊನೆಗೆ ಸೆನ್ಸರ್

ಹಾಗಾದರೆ ಹುಡುಕುವ ಕ್ರಮ ಯಾವುದು? ಮೊದಲ ಪರೀಕ್ಷೆಗೆ ಎಂಜಿನ್ ಚಾಲೂ ಮಾಡುವುದೂ ಬೇಡ. ಕೀಲಿ ಮಾತ್ರ ತಿರುಗಿಸಿ ಒತ್ತಡ ಓದಿ. ಸೊನ್ನೆ ತೋರಬೇಕು. ನಿಂತ ಎಂಜಿನ್ನಿನಲ್ಲೇ ಒತ್ತಡ ತೋರಿದರೆ ತೂತು ಕಟ್ಟಿದೆ ಅಥವಾ ಸೆನ್ಸರ್ ಸುಳ್ಳಾಡುತ್ತಿದೆ. ಸಿಗ್ನಲ್ ಪೂರ್ತಿ 0 ಅಥವಾ ಪೂರ್ತಿ 5 ವೋಲ್ಟ್ ಇದ್ದರೆ ತಂತಿ ತುಂಡಾಗಿರಬಹುದು ಅಥವಾ ಶಾರ್ಟ್ ಆಗಿರಬಹುದು.

ಸೊನ್ನೆ ಸರಿಯಿದ್ದರೆ ನೀರಿನ ಕಡೆ ಹೋಗಿ. ನೀರು ಎಳೆಯುವ ಜಾಲರಿಗೆ ಪ್ಲಾಸ್ಟಿಕ್, ಅಂಬಲಿ ಮೀನು, ಬಾರ್ನಕಲ್ ಎಂಬ ಚಿಪ್ಪುಜೀವಿ ಅಡ್ಡ ಬಂದಿವೆಯೇ ನೋಡಿ. ಪಂಪಿನ ರಬ್ಬರ್ ಇಂಪೆಲ್ಲರ್ ಬಿಚ್ಚಿ. ಅದರ ರೆಕ್ಕೆಗಳಿಗೆ ನೀರೇ ಎಣ್ಣೆ, ಒಣಗಿ ಓಡಿದರೆ ಬಹಳ ಬೇಗ ಸುಟ್ಟು ಹರಿಯುತ್ತವೆ. ಒಂದು ರೆಕ್ಕೆ ಕಾಣೆಯಾಗಿದ್ದರೆ ಹೊಸ ಇಂಪೆಲ್ಲರ್ ಹಾಕಿ ಕೈತೊಳೆದುಕೊಳ್ಳಬೇಡಿ. ಹರಿದ ತುಂಡು ಮುಂದಿನ ಯಾವುದೋ ಸಂದಿನಲ್ಲಿ ಸಿಕ್ಕಿಕೊಂಡಿದೆ, ಅದನ್ನು ಹುಡುಕಿ ತೆಗೆಯಬೇಕು.

ಸೆನ್ಸರ್ ತೂತಿಗೆ ಟಿ-ಜೋಡಣೆ ಹಾಕಿ ಒಂದು ಮಾಮೂಲಿ ಮುಳ್ಳಿನ ಗೇಜ್ ಕೂರಿಸಿ, ನೀರಿನಲ್ಲೇ ದೋಣಿ ಓಡಿಸಿ ನೋಡುವುದು ನಿರ್ಣಾಯಕ ಪರೀಕ್ಷೆ. ದಡದಲ್ಲಿ ಪೈಪಿನ ನೀರು ಬಿಟ್ಟು ಐಡಲ್‌ನಲ್ಲಿ ನೋಡಿದರೆ ವೇಗದಲ್ಲಿ ಬರುವ ದೋಷ ಕಾಣದು. ಗೇಜೂ ಕಡಿಮೆ ತೋರಿದರೆ ಸೆನ್ಸರ್ ನಿಜ ಹೇಳುತ್ತಿತ್ತು. ಗೇಜ್ ಸರಿಯಿದ್ದು ಪರದೆ ಮಾತ್ರ ಕಡಿಮೆ ತೋರಿದರೆ ತಂತಿಗೆ ಬನ್ನಿ: ಕನೆಕ್ಟರಿನ ಹಸಿರು ತುಕ್ಕು, 5 ವೋಲ್ಟ್ ಬರುತ್ತಿದೆಯೇ, ಅರ್ತ್ ಗಟ್ಟಿಯಾಗಿದೆಯೇ. ಆ 5 ವೋಲ್ಟ್ ಲೈನನ್ನು ಹಲವು ಸೆನ್ಸರ್‌ಗಳು ಹಂಚಿಕೊಂಡಿರುವ ಎಂಜಿನ್‌ಗಳಲ್ಲಿ ಒಂದು ಶಾರ್ಟ್ ಆದರೆ ಉಳಿದವೂ ಕೆಟ್ಟಂತೆ ಕಾಣುತ್ತವೆ. ಎರಡು ಒಂದೇ ಬಗೆಯ ಎಂಜಿನ್ ಇರುವ ದೋಣಿಯಲ್ಲಿ ಇನ್ನೂ ಸುಲಭ, ಸೆನ್ಸರ್‌ಗಳನ್ನು ಅದಲುಬದಲು ಮಾಡಿ. ದೋಷ ಸೆನ್ಸರಿನ ಜೊತೆ ಹೋದರೆ ಹೊಸದು ಹಾಕಿ. ಹಾಕುವ ಮೊದಲು ತೂತನ್ನು ತೊಳೆಯಿರಿ, ಸೆನ್ಸರಿನ ಪೊರೆಗೆ ಮಾತ್ರ ತಂತಿ ಚುಚ್ಚಬೇಡಿ. ಹೊರಬಂದ ಕಸ ಏನೆಂದು ನೋಡಿ. ಮರಳೋ ಉಪ್ಪೋ ಸಿಕ್ಕರೆ ಥರ್ಮೋಸ್ಟಾಟ್ ಬಿಚ್ಚದೆ ಕೆಲಸ ಮುಗಿಯಲಿಲ್ಲ.

ಕರಾವಳಿಗೆ ಬರಲಿರುವ ತೊಂದರೆ

ಕರ್ನಾಟಕದ ನಾಡದೋಣಿಗಳಲ್ಲಿ ದಶಕಗಳಿಂದ ಓಡುತ್ತಿದ್ದ ಸೀಮೆಎಣ್ಣೆಯ ಸಣ್ಣ ಎಂಜಿನ್‌ಗಳಲ್ಲಿ ಒತ್ತಡದ ಸೆನ್ಸರ್ ಇರಲಿಲ್ಲ. ಚಿಮ್ಮುವ ನೀರೇ ಮೀನುಗಾರರ ಮಾಪಕ. ಈಗ ಪೆಟ್ರೋಲ್ ಎಂಜಿನ್‌ಗೆ ಬದಲಾಗಲು ಸರ್ಕಾರವೇ ಸಹಾಯಧನ ಘೋಷಿಸಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಮುರುಡೇಶ್ವರದ ನೇತ್ರಾಣಿಯ ಕಡೆ ಜನರನ್ನು ಒಯ್ಯುವ ಪ್ರವಾಸೋದ್ಯಮವೂ ಬೆಳೆದಿದೆ. ದೊಡ್ಡ, ಕಂಪ್ಯೂಟರ್ ಇರುವ ಎಂಜಿನ್ ಬಂದಲ್ಲೆಲ್ಲ ಈ ಸೆನ್ಸರ್ ಬರುತ್ತದೆ. ಅದನ್ನು ಓದುವ ತರಬೇತಿ ಜೊತೆಗೆ ಬಾರದಿದ್ದರೆ ಹಳೆಯ ಮಾಪಕವೇ ಹೊಸ ಎಂಜಿನ್ನಿಗೂ ಉಳಿಯುತ್ತದೆ.

ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಬೋಟುಗಳು ಮತ್ತೆ ಕಡಲಿಗಿಳಿಯುವ ಆಗಸ್ಟ್‌ನಲ್ಲಿ ನೇತ್ರಾವತಿ, ಸೌಪರ್ಣಿಕಾ, ಶರಾವತಿ, ಕಾಳಿ ನದಿಗಳು ಘಟ್ಟದ ಕೆಸರನ್ನು ಇನ್ನೂ ಹೊತ್ತು ತರುತ್ತಿರುತ್ತವೆ. ಎರಡು ತಿಂಗಳು ನಿಂತ ಎಂಜಿನ್ನಿನಲ್ಲಿ ಉಪ್ಪು ಒಣಗಿದೆ, ಇಂಪೆಲ್ಲರಿನ ರಬ್ಬರ್ ಒಂದೇ ಭಂಗಿಯಲ್ಲಿ ಮಡಿಸಿಕೊಂಡು ಬಿರುಸಾಗಿದೆ. ಅದೇ ಎಂಜಿನ್ ಕೆಸರು ನೀರು ಹೀರುತ್ತಾ ಅಳಿವೆ ಬಾಗಿಲಿನ ತೆರೆಗಳನ್ನು ದಾಟಬೇಕು. ಎಂಜಿನ್ ಪೂರ್ಣ ಶಕ್ತಿ ಕೊಡಬೇಕಾದ ಜಾಗ ಅದು. ಅಲ್ಲಿ ನಿಂತ ದೋಣಿ ತೆರೆಗೆ ಅಡ್ಡ ತಿರುಗಿ ಮಗುಚಲು ಹೆಚ್ಚು ಹೊತ್ತು ಬೇಡ.

ತಪ್ಪಿಸಲು ಬೇಕಾದದ್ದು ದುಬಾರಿಯಲ್ಲ. ಎಂಜಿನ್ ಹೊಸದಿದ್ದಾಗ ಯಾವ ಆರ್‌ಪಿಎಂನಲ್ಲಿ ಎಷ್ಟು ಒತ್ತಡವಿತ್ತೆಂದು ಬರೆದಿಡಿ, ಪ್ರತಿ ತಿಂಗಳು ಹೋಲಿಸಿ. ನಿಧಾನಕ್ಕೆ ಇಳಿಯುವ ಅಂಕಿ ಬಜರ್‌ಗಿಂತ ವಾರಗಳ ಮೊದಲೇ ಎಚ್ಚರಿಸುತ್ತದೆ. ಕಡಲಿನಿಂದ ಬಂದ ಮೇಲೆ ಸಿಹಿನೀರಿನಲ್ಲಿ ಎಂಜಿನ್ ತೊಳೆಯಿರಿ. ಎಂಜಿನ್ ಮಾರುವವರು ಒತ್ತಡದ ಪಟ್ಟಿಯನ್ನೂ ದೋಷ ಹುಡುಕುವ ಕ್ರಮವನ್ನೂ ಕನ್ನಡದಲ್ಲಿ ಕೊಡಲಿ, ಸಹಾಯಧನದ ಜೊತೆ ತರಬೇತಿಯೂ ಸೇರಲಿ. ಪ್ರಯಾಣಿಕರನ್ನು ಒಯ್ಯುವ ದೋಣಿಗಳ ತಪಾಸಣೆಯಲ್ಲಿ ಜೀವರಕ್ಷಕ ಜಾಕೆಟ್ ಎಣಿಸುವವರು ಎಂಜಿನ್ನಿನ ಮುಚ್ಚಳವನ್ನೂ ತೆಗೆದು, ಸೆನ್ಸರಿನ ಕನೆಕ್ಟರ್ ಜಾಗದಲ್ಲಿದೆಯೇ ಎಂದು ನೋಡಲಿ. ಅದು ಕಿತ್ತಿಟ್ಟಿದ್ದರೆ, ಕಾರಣ ಪತ್ತೆಯಾಗುವವರೆಗೆ ಆ ದೋಣಿ ಅಳಿವೆ ದಾಟಬಾರದು.