ಬಂದೂಕಿಗೆ ನಗಾರಿಯ ಉತ್ತರ

ಬ್ರೆಜಿಲ್‌ನ ರಿಯೋ ಡಿ ಜನೈರೊ ನಗರದ ವಿಗಾರಿಯೊ ಜೆರಾಲ್ ಎಂಬ ಕೊಳೆಗೇರಿಗೆ 1993ರ ಆಗಸ್ಟ್‌ನಲ್ಲಿ ನುಗ್ಗಿದ ಪೊಲೀಸರ ಗುಂಪೊಂದು 21 ನಿವಾಸಿಗಳನ್ನು ಕೊಂದಿತು. ಹಿಂದಿನ ದಿನ ಹತರಾಗಿದ್ದ ನಾಲ್ವರು ಸಹೋದ್ಯೋಗಿಗಳಿಗಾಗಿ ತೀರಿಸಿಕೊಂಡ ಸೇಡು ಅದು. ಅಲ್ಲಿನ ಹುಡುಗರೂ ಸೇಡಿಗೆ ಬಂದೂಕು ಹಿಡಿಯಬಹುದಿತ್ತು. ಆದರೆ ‘ಆಫ್ರೋರೆಗ್ಗೆ’ ಎಂಬ ಸಾಂಸ್ಕೃತಿಕ ತಂಡ ಅಲ್ಲಿಗೆ ಬಂದು ಅವರ ಕೈಗೆ ನಗಾರಿ ಕೊಟ್ಟಿತು. 2004ರಲ್ಲಿ ಇದೇ ತಂಡದ ಯುವಕರು ಮಿನಾಸ್ ಜೆರೈಸ್ ರಾಜ್ಯದ ಪೊಲೀಸರಿಗೇ ತಾಳವಾದ್ಯ ಕಲಿಸಿದರು.

ಆಡಳಿತದಲ್ಲಿದ್ದಾಗ ನಾನು ಗಲಭೆಗಳಿಗೆ ಹೆಚ್ಚುವರಿ ಪಡೆಯನ್ನು ಕೇಳಿದವನೇ ಹೊರತು ಕಲಾಶಿಕ್ಷಕರನ್ನಲ್ಲ. ನಗಾರಿಯೊಂದರಿಂದಲೇ ಕೊಲೆಗಳು ನಿಲ್ಲವು, ನಿಜ. ಆದರೆ ಅಪರಾಧ ಜಗತ್ತು ಹುಡುಗರಿಗೆ ಹಣದ ಜತೆಗೆ ಮನ್ನಣೆಯನ್ನೂ ಕೊಡುತ್ತದೆ. ಆ ಮನ್ನಣೆಯನ್ನು ಬೇರೆಡೆ ದೊರಕಿಸುವುದು ಸರ್ಕಾರದ ಹೊಣೆಯಲ್ಲವೇ? ಲಾಠಿಗೆ ನಮ್ಮ ಆಯವ್ಯಯದಲ್ಲಿ ಲೆಕ್ಕಶೀರ್ಷಿಕೆಯುಂಟು, ನಗಾರಿಗೂ ಒಂದಿರಲಿ.