ನೀರಿನ ಮೋಟಾರಿಗೆ ಕರೆಂಟು ಎಳೆಯುವ ಮುನ್ನ



ಬೇಸಿಗೆಯಲ್ಲಿ ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಸಂಘದ ಸಭೆಗೆ ಹೋದಾಗ ನಾವು ಅನೇಕ ಮನೆಗಳಲ್ಲಿ ಕಾಣುವುದು ಒಂದೇ: ಅಂಗಳದಲ್ಲಿ ನೀರಿನ ತೊಟ್ಟಿ, ಬದಿಗೊಂದು ಸಣ್ಣ ಮೋಟಾರು, ಬಾಗಿಲ ಸಂದಿಯಿಂದ ಎಳೆದ ತೆಳು ವೈರು. ನೀರು ಬಂತೆಂದರೆ ಗಡಿಬಿಡಿ. ಹಸಿ ಕಾಲಲ್ಲೇ ಓಡಿ ಸ್ವಿಚ್ ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳೇ.

ಮನೆಗೆ ಬರುವ ಕರೆಂಟು 230 ವೋಲ್ಟ್. ಮೋಟಾರಿನ ಒಳಗಿನ ವೈರು ಸುಟ್ಟು ಕರೆಂಟು ಅದರ ಕಬ್ಬಿಣದ ಮೈಗೆ ಬಂದರೆ, ನೆಲಕ್ಕೆ ಇಳಿಯಲು ದಾರಿ ಹುಡುಕುತ್ತದೆ. ಅರ್ಥಿಂಗ್ ಇದ್ದರೆ ಆ ದಾರಿ ಹಿಡಿಯುತ್ತದೆ. ಇಲ್ಲದಿದ್ದರೆ ಮುಟ್ಟಿದವರ ಮೈಯೇ ದಾರಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ದಪ್ಪ ಪಿನ್ನು, ಹಸಿರು ವೈರು ಇರುವುದು ಇದಕ್ಕೇ. ಪ್ಲಗ್ ಇಲ್ಲದೆ ಎರಡೇ ವೈರು ತೂರಿಸಿ ಬೆಂಕಿಕಡ್ಡಿ ಸಿಗಿಸುವ ರೂಢಿಯನ್ನು ಇಂದೇ ಬಿಡಬೇಕು.

"ಫ್ಯೂಸ್ ಐತಲ್ಲ ಸಿಸ್ಟರ್?" ಎಂದು ಕೇಳುತ್ತಾರೆ. ಫ್ಯೂಸ್ ಆಗಲಿ ಎಂಸಿಬಿ ಆಗಲಿ ಕಾಯುವುದು ವೈರನ್ನು, ನಮ್ಮನ್ನಲ್ಲ. ಅವು ಹಾರಬೇಕಾದರೆ ಹಲವು ಆಂಪಿಯರ್ ಹರಿಯಬೇಕು. ಮನುಷ್ಯನ ಎದೆಯ ಮೂಲಕ ಒಂದು ಆಂಪಿಯರಿನ ಹತ್ತನೇ ಒಂದು ಪಾಲು ಹರಿದರೂ ಪ್ರಾಣ ಹೋಗಬಹುದು. ಜೀವ ಉಳಿಸುವ ಸ್ವಿಚ್ಚು ಬೇರೆ, ಅದರ ಹೆಸರು ಆರ್‌ಸಿಸಿಬಿ. ಹೋದ ಕರೆಂಟು ಪೂರ್ತಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತದೆ, ನಮ್ಮ ಲೆಕ್ಕದ ಪುಸ್ತಕದ ಹಾಗೆ! 30 ಮಿಲಿಆಂಪಿಯರ್ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಆಫ್ ಆಗುತ್ತದೆ. ಕೊಳ್ಳುವಾಗ '30 ಮಿಲಿಆಂಪಿಯರ್' ಎಂದೇ ಕೇಳಿ. ಅದರ ಮೇಲಿನ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ, ಸಂಘದ ಸಭೆಯ ದಿನ ಒತ್ತಿ ನೋಡಿ. ಆಫ್ ಆಗದಿದ್ದರೆ ಕೆಟ್ಟಿದೆ ಎಂದರ್ಥ. ಇದು ಬಂದರೂ ಅರ್ಥಿಂಗ್ ಬೇಕೇ ಬೇಕು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಆಗ ಅರ್ಥಿಂಗ್ ಗುಂಡಿಗೆ ನೀರು ಹಾಕುತ್ತಿರಿ.

ಮೋಟಾರಿಗೆ ಮೂರು ಎಳೆಯ, ಗಟ್ಟಿ ಹೊದಿಕೆಯ ಕೇಬಲ್ಲನ್ನು ನಡುವೆ ಗಂಟಿಲ್ಲದೆ ಎಳೆಸಿ. ಟೇಪು ಸುತ್ತಿದ ಗಂಟು ನೀರಲ್ಲಿ ಬಿದ್ದರೆ ಟೇಪು ಇದ್ದೂ ಇಲ್ಲದಂತೆ. ಸ್ವಿಚ್ಚು ಒಣ ಗೋಡೆಯ ಮೇಲೆ, ಮಕ್ಕಳ ಕೈಗೆ ಸಿಗದಂತಿರಲಿ. ಮೋಟಾರು ಮುಟ್ಟುವ ಮೊದಲು ಪ್ಲಗ್ ಕಿತ್ತುಬಿಡಿ. ಕೆಲಸ ಲೈಸೆನ್ಸ್ ಇರುವ ವೈರ್‌ಮನ್ನಿಂದಲೇ ಆಗಲಿ.

ಖರ್ಚೆಂದು ಮನೆಯವರು ಗೊಣಗಬಹುದು. ಜಾತ್ರೆಗೆ ಸಾಲ ಕೊಡುವ ಸಂಘ ಇದಕ್ಕೂ ಕೊಡಬಹುದೆಂದು ನಮ್ಮ ಅಭಿಪ್ರಾಯ.

ಯಾರಿಗಾದರೂ ಕರೆಂಟು ಹಿಡಿದರೆ ಕೈಯಿಂದ ಎಳೆಯಬೇಡಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಕಟ್ಟಿಗೆಯಿಂದ ವೈರು ಸರಿಸಿ, 108ಕ್ಕೆ ಕರೆ ಮಾಡಿ. ಬೀದಿಯಲ್ಲಿ ತಂತಿ ಹರಿದು ಬಿದ್ದಿದ್ದರೆ ದೂರ ನಿಂತು ಜೆಸ್ಕಾಂನ 1912ಕ್ಕೆ ತಿಳಿಸಿ.