ಕಾರಿನ ಮುಂದಿನ ಗಾಜು: ಕಲೆ ಯಾವುದು, ಗೀರು ಯಾವುದು?

ಹೈದರಾಬಾದಿನಲ್ಲಿ ನೆಲೆಸಿದ ನಮ್ಮವರಲ್ಲಿ ಬೀದರ, ಕಲಬುರ್ಗಿಗಳ ಕಡೆಯವರು ಬಹಳ ಮಂದಿ. ಸಾಯಂಕಾಲ ಕಚೇರಿ ಬಿಟ್ಟೊಡನೆ ಮಕ್ಕಳುಮರಿಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಜಹೀರಾಬಾದಿನ ದಾರಿ ಹಿಡಿದರೆಂದರೆ ಪ್ರಯಾಣವೆಲ್ಲ ಪಡುವಣಕ್ಕೆ ಮುಖಮಾಡಿಯೇ. ಮುಳುಗುವ ಸೂರ್ಯ ನೇರವಾಗಿ ಕಣ್ಣಿಗೆ ಬರುತ್ತಾನೆ. ಆಗ ನೋಡಬೇಕು ಮುಂದಿನ ಗಾಜಿನ ಅವಸ್ಥೆಯನ್ನು! ಮಧ್ಯಾಹ್ನದ ತನಕ ತಿಳಿಯಾಗಿದ್ದುದು ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ವೈಪರು ಓಡಾಡಿದ ದಾರಿಯಲ್ಲಿ ಕಮಾನಿನಾಕಾರದ ಗೀರುಗಳು ಮಿನುಗುತ್ತವೆ. ನೀರಿನ ಹನಿ ಒಣಗಿದಲ್ಲೆಲ್ಲ ಬಿಳಿಯ ಉಂಗುರಗಳು ಏಳುತ್ತವೆ. ಕತ್ತಲಾದ ಮೇಲಂತೂ ಎದುರಿನ ಲಾರಿಯ ದೀಪ ಈ ಗೀರುಗಳ ಮೇಲೆ ಬಿದ್ದು ಜೇಡರಬಲೆಯಂತೆ ಹರಡುತ್ತದೆ. ಆ ಬಲೆಯ ಹಿಂದೆ ರಸ್ತೆ ದಾಟುತ್ತಿರುವ ಎಮ್ಮೆಯಾಗಲಿ ಸೈಕಲ್ಲಿನ ಮನುಷ್ಯನಾಗಲಿ ಕಾಣುವುದಿಲ್ಲ. ಆದ್ದರಿಂದ ಇದು ಕೇವಲ ಅಂದಚೆಂದದ ಮಾತಲ್ಲ.

ಗಾಜು ಮಾಸಿತೆಂದರೆ ಸಲಹೆ ಕೊಡುವವರಿಗೆ ಕೊರತೆಯಿಲ್ಲ. ಒಬ್ಬರು ಹಲ್ಲುಜ್ಜುವ ಪೇಸ್ಟು ತಿಕ್ಕಿ ಎನ್ನುತ್ತಾರೆ, ಇನ್ನೊಬ್ಬರು ಬೂದಿ ಎನ್ನುತ್ತಾರೆ, ಮತ್ತೊಬ್ಬರು ಕಕ್ಕಸು ತೊಳೆಯುವ ಆ್ಯಸಿಡ್ ಎನ್ನುತ್ತಾರೆ. ಮದ್ದು ಹೇಳುವ ಮೊದಲು ರೋಗ ಯಾವುದೆಂದು ಕೇಳುವವರು ಮಾತ್ರ ಅಪರೂಪ. ಗಾಜಿನ ಮೇಲೆ ಬಂದು ಕುಳಿತದ್ದು ಬೇರೆ, ಗಾಜೇ ಸವೆದುಹೋದದ್ದು ಬೇರೆ. ಮೊದಲನೆಯದನ್ನು ಕರಗಿಸಿ ತೆಗೆಯಬಹುದು; ಎರಡನೆಯದಕ್ಕೆ ಸುತ್ತಲಿನ ಗಾಜನ್ನೂ ಅಷ್ಟೇ ಸವೆಸುವುದಲ್ಲದೆ ಬೇರೆ ಉಪಾಯವಿಲ್ಲ. ಈ ಭೇದವನ್ನು ತಿಳಿದರೆ ಅರ್ಧ ಹಣ, ಅರ್ಧ ಶ್ರಮ ಉಳಿದಂತೆಯೇ.

ನೀರಿನ ಕಲೆಯನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ವಠಾರಗಳಲ್ಲಿ ಕಾರು ತೊಳೆಯಲು ಸಿಕ್ಕುವುದು ಬಹುಮಟ್ಟಿಗೆ ಬೋರಿನ ಗಡಸು ನೀರು. ನೀರೇನೋ ಆವಿಯಾಗಿ ಹೋಗುತ್ತದೆ, ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಮಾತ್ರ ಹನಿಯ ಅಂಚಿನಲ್ಲಿ ಉಂಗುರವಾಗಿ ಉಳಿಯುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರೂ ಇದೇ. ಹಿತ್ತಾಳೆಯ ಪಾತ್ರೆಗೆ ಹುಣಿಸೆಹಣ್ಣು ಹಚ್ಚಿ ಬೆಳಗುವ ನಮ್ಮ ಮನೆಯ ಹೆಂಗಸರಿಗೆ ಹುಳಿಯ ಶಕ್ತಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಕೆಲಸ ಮಾಡುವುದು ಹುಳಿಯೇ. ಅಡುಗೆಗೆ ಬಳಸುವ ಬಿಳಿ ವಿನೆಗರನ್ನು ಅಷ್ಟೇ ನೀರಿನೊಂದಿಗೆ ಬೆರೆಸಿ, ಹಳೆಯ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ನೆರಳಿನಲ್ಲಿ ನಿಲ್ಲಿಸಿದ ತಣ್ಣನೆಯ ಗಾಜಿನ ಮೇಲೆ ಹಾಸಬೇಕು. ಹತ್ತು ನಿಮಿಷ ಬಿಟ್ಟು ಮೆಲ್ಲನೆ ಉಜ್ಜಿ ಸಿಹಿನೀರಿನಿಂದ ತೊಳೆದು ಒರೆಸಬೇಕು. ಹಟಮಾರಿ ಕಲೆಗೆ ಎರಡು ಮೂರು ಸಲ. ವಿನೆಗರು ಬಣ್ಣದ ಮೇಲೆ ಹರಿಯದಂತೆ ಬಾನೆಟ್ಟಿಗೆ ಒಂದು ಬಟ್ಟೆ ಮುಚ್ಚಿದರೆ ಒಳ್ಳೆಯದು. ನಿಂಬೆಯ ರಸವೂ ಆದೀತು.

ಇಷ್ಟಾದರೂ ಹೋಗದ ಕಲೆಗಳುಂಟು. ನೀರಿನಲ್ಲಿ ಸುಣ್ಣದ ಜೊತೆಗೆ ಮರಳಿನ ಜಾತಿಯ ಸಿಲಿಕವೂ ಇರುತ್ತದೆ. ಅದು ಹುಳಿಗೆ ಬಗ್ಗುವುದಿಲ್ಲ. ಅಲ್ಲದೆ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬೆಂದ ಕಲೆಯ ಕೆಳಗೆ ಗಾಜಿನ ಮೈಯೇ ಕೊರೆದುಹೋಗಿರಬಹುದು. ಅಂಥದು ಕಲೆಯ ವರ್ಗವನ್ನು ಬಿಟ್ಟು ಗೀರಿನ ವರ್ಗಕ್ಕೆ ಸೇರಿತೆಂದು ತಿಳಿಯತಕ್ಕದ್ದು.

ಇನ್ನು ಆ್ಯಸಿಡ್. ಕಕ್ಕಸಿನ ಆ್ಯಸಿಡ್ ಸುಣ್ಣವನ್ನು ಕರಗಿಸುವುದು ನಿಜ, ಆದರೆ ಬಣ್ಣವನ್ನೂ ತಗಡನ್ನೂ ಸುಮ್ಮನೆ ಬಿಡುವುದಿಲ್ಲ. ಅದಕ್ಕಿಂತ ಅಪಾಯದ್ದು ಹೈಡ್ರೋಫ್ಲೋರಿಕ್ ಆ್ಯಸಿಡ್ ಮತ್ತು ಅದೇ ಕುಲದ ಅಮೋನಿಯಂ ಬೈಫ್ಲೋರೈಡ್ ಬೆರೆತ ಕಲೆನಾಶಕಗಳು. ಇವು ಗಾಜನ್ನೇ ತಿನ್ನುವಂಥವು. ಕೈಗೆ ತಾಕಿದರೆ ಮೊದಲು ನೋವು ಕಾಣದಿದ್ದರೂ ಚರ್ಮದ ಒಳಕ್ಕಿಳಿದು ಎಲುಬಿನ ತನಕ ಹಾನಿ ಮಾಡಬಲ್ಲವು. ಚೀಟಿಯಿಲ್ಲದ ಸೀಸೆಯಿಂದ ಏನನ್ನೋ ಸುರಿದು ಕ್ಷಣದಲ್ಲಿ ಹೊಳಪು ತೋರಿಸುವ ಅಂಗಡಿಯವರಿಂದ ದೂರವಿರುವುದೇ ಲೇಸು.

ಗೀರುಗಳು ಹೇಗೆ ಹುಟ್ಟುತ್ತವೆ? ಗಡಸುತನದ ಅಳತೆಗೆ ಮೋಸ್ ಎಂಬಾತನ ಹೆಸರಿನ ಒಂದು ಕ್ರಮವಿದೆ. ಅದರಲ್ಲಿ ವಜ್ರಕ್ಕೆ 10, ನಮ್ಮ ಗಾಜಿಗೆ ಸುಮಾರು 5½, ಬೀದಿಯ ಮರಳಿನಲ್ಲಿರುವ ಬೆಣಚಿಗೆ 7. ಅಂದಮೇಲೆ ಧೂಳು ಹಿಡಿದ ಒಣ ಗಾಜಿನ ಮೇಲೆ ವೈಪರು ಆಡಿಸುವುದೆಂದರೆ ಮರಳು ಕಾಗದದಿಂದ ತಿಕ್ಕಿದಂತೆಯೇ. ಇದು ಒಂದು ದಾರಿ. ಇನ್ನೊಂದು ದಾರಿ ನಮ್ಮ ವಠಾರದ ಬಕೀಟು. ಬೆಳಗಿನ ಜಾವ ಬಂದು ಹತ್ತು ಹನ್ನೆರಡು ಕಾರುಗಳನ್ನು ಒರೆಸುವ ಹುಡುಗನಿಗೆ ಒಂದು ಬಕೀಟು, ಒಂದು ಬಟ್ಟೆ. ಮೊದಲ ಕಾರಿನ ಮರಳು ಹನ್ನೆರಡನೆಯ ಕಾರಿನ ತನಕ ಯಾತ್ರೆ ಹೊರಡುತ್ತದೆ. ಹುಡುಗನನ್ನು ಗದರಿ ಪ್ರಯೋಜನವಿಲ್ಲ. ಅವನಿಗೆ ಕೊಡುವ ಸಂಬಳಕ್ಕೆ ಅವನು ಬಕೀಟು ಬಕೀಟು ಸಿಹಿನೀರು ಹೊರಲಾರ. ಗಾಜಿಗೆಂದೇ ಒಂದು ಬೇರೆ ಬಟ್ಟೆ, ಮನೆಯ ಕೊಳಾಯಿಯಿಂದ ಒಂದು ಚೊಂಬು ನೀರು ನಾವೇ ಇಟ್ಟರೆ ಮುಗಿಯಿತು. ವೈಪರಿನ ರಬ್ಬರಿನ ಅಂಚನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ, ಅದು ಬಿರಿದಾಗ ಬದಲಾಯಿಸಬೇಕು. ಗಾಜಿನ ಬೆಲೆಯ ಮುಂದೆ ರಬ್ಬರಿನ ಬೆಲೆ ಏನೂ ಅಲ್ಲ.

ಗೀರು ಬಿದ್ದೇ ಬಿಟ್ಟಿದ್ದರೆ ಉಗುರನ್ನು ಅದಕ್ಕೆ ಅಡ್ಡವಾಗಿ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಗೀರು ಆಳವಾಗಿದೆ. ಅದನ್ನು ಉಜ್ಜಿ ತೆಗೆಯುವ ಆಸೆಯನ್ನು ಬಿಡಬೇಕು. ಸಿಕ್ಕದೆ ಜಾರಿದರೆ ಸೀರಿಯಂ ಆಕ್ಸೈಡ್ ಎಂಬ ನುಣುಪಾದ ಪುಡಿಯಿಂದ ಸಾಧ್ಯವುಂಟು. ಕನ್ನಡಕದ ಗಾಜಿಗೂ ದೂರದರ್ಶಕದ ಕನ್ನಡಿಗೂ ಮೆರುಗು ಕೊಡುವುದು ಇದೇ ಪುಡಿ. ಇದರ ಚಮತ್ಕಾರವೆಂದರೆ, ಮರಳಿನಂತೆ ಬರಿಯ ಒರಟುತನದಿಂದ ಕೆರೆಯದೆ ನೀರಿನ ಸಂಗಡ ಗಾಜಿನ ಮೇಲ್ಮೈಯೊಂದಿಗೆ ರಾಸಾಯನಿಕವಾಗಿಯೂ ಕೂಡಿಕೊಂಡು ಅದನ್ನು ಸೂಕ್ಷ್ಮವಾಗಿ ಎಬ್ಬಿಸುತ್ತದೆ. 1801ರಲ್ಲಿ ಆಕಾಶದಲ್ಲಿ ಸೀರಿಸ್ ಎಂಬ ಪುಟ್ಟ ಕಾಯವೊಂದು ಕಂಡಿತು. 1803ರಲ್ಲಿ ಸಿಕ್ಕ ಈ ಧಾತುವಿಗೆ ಅದರ ಹೆಸರನ್ನೇ ಇಟ್ಟರು. ನಮ್ಮ ದೇಶದಲ್ಲಿ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ ಕಡಲತೀರಗಳ ಮೊನಜೈಟ್ ಮರಳಿನಲ್ಲಿ ಇದು ಇದೆ. ಆ ಮರಳನ್ನು ಸಂಸ್ಕರಿಸಲು ಆಲುವದಲ್ಲಿ 1952ರಲ್ಲಿಯೇ ಕಾರ್ಖಾನೆ ಆರಂಭವಾಯಿತು.

ಪುಡಿಯನ್ನು ನೀರಿನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತರಬೇಕು. ಒಣ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಬೇಕು. ಸುತ್ತಲಿನ ಬಣ್ಣ, ರಬ್ಬರುಗಳಿಗೆ ಕಾಗದ ಅಂಟಿಸಿ, ಗಾಜನ್ನು ಚೆನ್ನಾಗಿ ತೊಳೆದು, ಡ್ರಿಲ್ ಯಂತ್ರಕ್ಕೆ ಉಣ್ಣೆಯ ಫೆಲ್ಟಿನ ಬಿಲ್ಲೆ ಸಿಕ್ಕಿಸಿ ಉಜ್ಜಬೇಕು. ವೇಗ ನಿಮಿಷಕ್ಕೆ 1,500 ಸುತ್ತನ್ನು ಮೀರದಿರಲಿ. ಬಿಲ್ಲೆ ಒಂದೇ ಕಡೆ ನಿಲ್ಲಕೂಡದು, ಒಣಗಲೂಕೂಡದು. ಆಗಾಗ ನೀರು ಚಿಮುಕಿಸುತ್ತ ಅಂಗೈಯಿಂದ ಮುಟ್ಟಿ ನೋಡುತ್ತಿರಬೇಕು. ಬಿಸಿಯೇರಿದರೆ ನಿಲ್ಲಿಸಿ. ಒಂದೇ ಕಡೆ ಕಾದ ಗಾಜು ಫಟ್ಟೆಂದು ಬಿರಿಯುವುದುಂಟು. ಅಂಗೈಯಗಲದ ಜಾಗಕ್ಕೂ ಬಹಳ ಹೊತ್ತು ಹಿಡಿಯುತ್ತದೆ. ಬರಿಗೈಯಿಂದ ಉಜ್ಜಿ ಗೀರು ತೆಗೆದೇನೆಂಬುದು ಹಗಲುಗನಸು. ಹಲ್ಲಿನ ಪೇಸ್ಟು ಜಿಡ್ಡನ್ನು ತೆಗೆದೀತು, ಗೀರನ್ನಲ್ಲ.

ಎಲ್ಲಿ ಕೈಹಾಕಬಾರದೆಂಬುದು ಎಲ್ಲಕ್ಕಿಂತ ಮುಖ್ಯ. ಮುಂದಿನ ಗಾಜು ಒಂದೇ ಹಲಗೆಯಲ್ಲ. ಸುಮಾರು 2 ಮಿ.ಮೀ. ದಪ್ಪದ ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ಕಿನ ತೆಳು ಹಾಳೆಯನ್ನಿಟ್ಟು ಬೆಸೆದದ್ದು. ಕಲ್ಲು ಬಿದ್ದರೆ ಗಾಜು ಬಿರಿದರೂ ಚೂರುಗಳು ಹಾಳೆಗೆ ಅಂಟಿಕೊಂಡು ನಿಲ್ಲುತ್ತವೆ. ಬೆನೆಡಿಕ್ಟಸ್ ಎಂಬ ಫ್ರೆಂಚ್ ರಸಾಯನಜ್ಞನ ಕೈಜಾರಿ ಬಿದ್ದ ಸೀಸೆಯೊಂದು ಒಡೆದೂ ಚೂರಾಗದೆ ಉಳಿದುದರಿಂದ ಈ ಯುಕ್ತಿ ಹೊಳೆಯಿತೆಂದು ಹೇಳುತ್ತಾರೆ. 1909ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದ. ಅಂತೂ ನಮಗೆ ಸವೆಸಲು ಸಿಕ್ಕುವುದು ಹೊರಗಿನ ಆ 2 ಮಿ.ಮೀ. ಮಾತ್ರ. ಒಂದೇ ಕಡೆ ಹೆಚ್ಚು ಸವೆಸಿದರೆ ಅಲ್ಲೊಂದು ಹಳ್ಳವಾಗಿ ಗಾಜು ಮಸೂರದಂತೆ ವರ್ತಿಸುತ್ತದೆ. ನಮ್ಮ ಕಚೇರಿಯ ಮಿತ್ರರೊಬ್ಬರು ಹೀಗೆ ಅಂಗಡಿಯೊಂದರಲ್ಲಿ ಗೀರು ತೆಗೆಸಿ ತಂದರು. ಗೀರೇನೋ ಹೋಯಿತು, ಆದರೆ ಆ ಜಾಗದಿಂದ ನೋಡಿದರೆ ರಸ್ತೆಯ ನಡುವಿನ ಬಿಳಿಯ ಗೆರೆ ಹಾವಿನಂತೆ ಹೊರಳುತ್ತಿತ್ತು. ಹತ್ತು ಮೈಲಿಗೇ ತಲೆನೋವು. ಆದ್ದರಿಂದ ಚಾಲಕನ ಕಣ್ಣಿನ ನೇರಕ್ಕಿರುವ ಗೀರನ್ನು ಯಂತ್ರಕ್ಕೆ ಒಪ್ಪಿಸಬಾರದೆಂಬುದು ನಮ್ಮ ಅಭಿಪ್ರಾಯ. ಹೊಸ ಕಾರುಗಳಲ್ಲಿ ಗಾಜಿನ ಮೇಲ್ಭಾಗದ ಹಿಂದೆ ಕ್ಯಾಮೆರಾ ಇದ್ದರೆ ಅದರ ಎದುರಿನ ಜಾಗಕ್ಕೂ ಇದೇ ಮಾತು. ಬೇರೆಡೆ ಉಜ್ಜಿಸಿದ ಮೇಲೆ ಒಳಗೆ ಕುಳಿತು ದೂರದ ದೀಪದ ಕಂಬವೊಂದನ್ನು ನೋಡುತ್ತ ತಲೆಯನ್ನು ಮೆಲ್ಲನೆ ಆಚೀಚೆ ಆಡಿಸಿ. ಕಂಬ ನೆಟ್ಟಗೆ ನಿಂತರೆ ಸರಿ. ಬಳುಕಿದರೆ ಗಾಜು ಕೆಟ್ಟಿತು.

ಗಾಜನ್ನು ಬದಲಾಯಿಸಲೇಬೇಕಾಗಿ ಬಂದಾಗ ವಿಮೆಯ ನೆನಪಾಗುವುದು ಸಹಜ. ಕಾರಿಗೆ ಪೂರ್ಣ ವಿಮೆಯಿದ್ದರೆ ಗಾಜಿನ ಭಾಗಗಳಿಗೆ ಸವಕಲಿನ ಕಡಿತ ಮಾಡುವುದಿಲ್ಲವೆಂಬುದು ಸಾಮಾನ್ಯ ನಿಯಮ. ಆದರೆ ವಿಮೆ ಕೊಡುವುದು ಅಪಘಾತದ ನಷ್ಟಕ್ಕೆ, ಕಲ್ಲು ಬಡಿದು ಬಿರಿದ ಗಾಜಿಗೆ. ವರ್ಷಗಳ ಕಾಲ ವೈಪರು ತಿಕ್ಕಿ ಬಿದ್ದ ಗೀರಿಗೆ ಅಲ್ಲ. ಹಕ್ಕು ಕೇಳಿದರೆ ಮುಂದಿನ ವರ್ಷದ ರಿಯಾಯಿತಿ ಹೋಗಬಹುದು. ಎರಡನ್ನೂ ಲೆಕ್ಕಹಾಕಿ ನೋಡಬೇಕು. ಹೊಸ ಗಾಜು ಕೂರಿಸುವಾಗ ಅದರ ಮೂಲೆಯಲ್ಲಿ ಐ.ಎಸ್.ಐ. ಗುರುತು ಇದೆಯೇ ಎಂದು ನೋಡಿಕೊಳ್ಳಿ. ಅಂಚಿಗೆ ಹಚ್ಚಿದ ಅಂಟು ಗಟ್ಟಿಯಾಗಲು ಕೆಲವು ಗಂಟೆಗಳು ಬೇಕು. ಎಷ್ಟು ಹೊತ್ತೆಂದು ಅಂಗಡಿಯವರನ್ನೇ ಕೇಳಿ, ಅಷ್ಟು ಹೊತ್ತು ಕಾರನ್ನು ಅಲ್ಲೇ ಬಿಟ್ಟು ಬಸ್ಸಿನಲ್ಲಿ ಮನೆಗೆ ಬನ್ನಿ.